ಒಂದೇ ಅಚ್ಚು, ಹಲವು ಉಪಾಯ

ಎ-ಕ್ಲಾಸ್ ಎನ್ನುವುದು ಒಬ್ಬರೇ ಓಡಿಸುವ ಕ್ಯಾಟಮರಾನ್. ತೆಳ್ಳನೆಯ ಎರಡು ಒಡಲು, ಅವನ್ನು ಬೆಸೆಯುವ ಎರಡು ಅಡ್ಡತೊಲೆ, ನಡುವೆ ಬಿಗಿದು ಕಟ್ಟಿದ ಹಾಸು, ಮೇಲೊಂದು ಎತ್ತರದ ಹಾಯಿ. ಎಲ್ಲ ಸೇರಿ ತೂಗಿದರೆ 75 ಕಿಲೊ. ಈ ದೋಣಿಗಳ ನಿಯಮಪುಸ್ತಕಕ್ಕೆ 2009ರಲ್ಲಿ ಎರಡು ಷರತ್ತು ಸೇರಿಸಿದರು. ನೀರಿಗೆ ಇಳಿಬಿಡುವ ಹಲಗೆಗಳನ್ನು ಒಡಲಿನ ಮೇಲಿನಿಂದಲೇ ತೂರಿಸಬೇಕು. ಎಡ-ಬಲದ ಹಲಗೆಗಳ ತುದಿಗಳ ನಡುವೆ ಕನಿಷ್ಠ ಒಂದೂವರೆ ಮೀಟರ್ ಅಂತರ ಇರಬೇಕು. ಓದಿದರೆ ಒಣ ಅಳತೆಯ ಮಾತು. ಅದರ ಹಿಂದಿದ್ದ ಆಸೆ ಬೇರೆ: ಈ ದೋಣಿಗಳು ಹಾರಬಾರದು.

ಹಾರುವುದು ಇಲ್ಲಿ ಅಲಂಕಾರದ ಮಾತಲ್ಲ. ವಿಮಾನದ ರೆಕ್ಕೆ ಗಾಳಿಯಲ್ಲಿ ಮಾಡುವ ಕೆಲಸವನ್ನೇ ಫಾಯಿಲ್ ಎಂಬ ಪುಟ್ಟ ರೆಕ್ಕೆ ನೀರೊಳಗೆ ಮಾಡುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಾಗಾಗಿ ಅಂಗೈಯಗಲದ ರೆಕ್ಕೆಯೂ ಸಾಕು. ವೇಗ ಒಂದು ಹಂತ ದಾಟುತ್ತಲೇ ಒಡಲುಗಳೆರಡೂ ನೀರು ಬಿಟ್ಟು ಮೇಲೇಳುತ್ತವೆ. ನೀರಿನ ಎಳೆತ ಹೆಚ್ಚುಕಡಿಮೆ ಇಲ್ಲವಾಗುತ್ತದೆ, ದೋಣಿ ನುಗ್ಗುತ್ತದೆ. ಇದಕ್ಕೆ ಒಳಮುಖವಾಗಿ ಬಾಗಿದ ರೆಕ್ಕೆ ಬೇಕು, ಬಾಗಿದ ರೆಕ್ಕೆಯನ್ನು ಮೇಲಿನ ಸೀಳಿನಿಂದ ತೂರಿಸಲಾಗದು, ಅಲ್ಲಿಗೆ ಹಾರಾಟ ಮುಗಿಯಿತು: ನಿಯಮ ಬರೆದವರ ಲೆಕ್ಕ ಹೀಗಿತ್ತು.

ಚಾಪೆ ಕೆಳಗೆ ತೂರುವವನಿದ್ದರೆ ರಂಗೋಲಿ ಕೆಳಗೆ ತೂರುವವನೂ ಇರುತ್ತಾನೆ. 2014ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ಟಾಕಪುನಾದಲ್ಲಿ ಎ-ಕ್ಲಾಸ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮುಂಚೂಣಿಯ ದೋಣಿಗಳು ಗಾಳಿಯ ದಿಕ್ಕಿನಲ್ಲಿ ಸಾಗುವಾಗ ಹಾರುತ್ತಿದ್ದವು. ಗೆದ್ದವರು ಆಸ್ಟ್ರೇಲಿಯಾದ ಗ್ಲೆನ್ ಆ್ಯಷ್ಬಿ. ಮೇಲಿನಿಂದಲೇ ತೂರಿಸಬಹುದಾದ, ಆದರೆ ನೀರೊಳಗೆ ಹೋದಮೇಲೆ ದೋಣಿಯನ್ನು ಎತ್ತಬಲ್ಲ ಅಂಕುಡೊಂಕು ಹಲಗೆಗಳನ್ನು ವಿನ್ಯಾಸಕಾರರು ಕಂಡುಕೊಂಡಿದ್ದರು. ಅದು ಮುಂದೆ ಇಂಗ್ಲಿಷಿನ ಝಡ್ ಅಕ್ಷರದ ಆಕಾರಕ್ಕೆ ಬಂದು ನಿಂತಿತು. ಒಂದೂವರೆ ಮೀಟರ್ ಅಂತರದ ಷರತ್ತನ್ನೂ ಅದು ಮೀರುವುದಿಲ್ಲ. ಯಾರೂ ನಿಯಮ ಮುರಿಯಲಿಲ್ಲ. ತಮಾಷೆಯೆಂದರೆ, ನಿಯಮವೇ ಇಲ್ಲದಿದ್ದರೆ ಇದಕ್ಕಿಂತ ಸರಳವಾದ ಫಾಯಿಲ್ ಸಾಕಾಗುತ್ತಿತ್ತು. ಹಾರಾಟ ತಡೆಯಲೆಂದು ಬರೆದ ಸಾಲು ಕಷ್ಟದ, ದುಬಾರಿಯ ಆಕಾರವೊಂದಕ್ಕೆ ಜನ್ಮ ಕೊಟ್ಟಿತು.

ಡೆವಲಪ್‌ಮೆಂಟ್ ಕ್ಲಾಸ್ ಎಂದು ಹಾಯಿದೋಣಿಯವರು ಕರೆಯುವುದು ಇಂಥದ್ದನ್ನೇ. ಅಲ್ಲಿ ನಿಯಮ ಕೆಲವೇ ಅಳತೆಗಳನ್ನು ಕಟ್ಟಿಹಾಕುತ್ತದೆ. ಎ-ಕ್ಲಾಸಿಗೆ ಉದ್ದ 5.49 ಮೀಟರ್, ಅಗಲ 2.30 ಮೀಟರ್, ಕಂಬವೂ ಸೇರಿ ಹಾಯಿಯ ವಿಸ್ತೀರ್ಣ 13.94 ಚದರ ಮೀಟರ್, ಜೊತೆಗೆ ಆಗಲೇ ಹೇಳಿದ ತೂಕ. ಒಡಲಿನ ಆಕಾರ, ಹಾಯಿಯ ಕತ್ತರಿಕೆ, ಕಂಬದ ಬಾಗು ಎಲ್ಲ ನಿಮ್ಮಿಷ್ಟ. ಒನ್-ಡಿಸೈನ್ ಕ್ಲಾಸ್ ಇದಕ್ಕೆ ತದ್ವಿರುದ್ಧ. ಎಲ್ಲರ ದೋಣಿಯೂ ಒಂದೇ ಅಚ್ಚಿನದು. ಗೆದ್ದರೆ ಅದು ಕೈಚಳಕ, ಸೋತರೆ ದೋಣಿಯನ್ನು ದೂರುವಂತಿಲ್ಲ. ಕರಾವಳಿಯವರಿಗೆ ಕಂಬಳದ ಮಾತಿನಲ್ಲಿ ಹೇಳಬಹುದು: ಹಗ್ಗ, ನೇಗಿಲು, ಹಲಗೆ ಎಂದು ವಿಭಾಗ ಗೊತ್ತುಮಾಡಿ, ಕೋಣಗಳನ್ನು ಸಾಕುವ ಬಗೆಯನ್ನು ಯಜಮಾನನಿಗೇ ಬಿಟ್ಟರೆ ಅದು ಡೆವಲಪ್‌ಮೆಂಟ್ ಕ್ಲಾಸ್. ಕೋಣಗಳನ್ನೂ ಸಮಿತಿಯೇ ಕೊಟ್ಟು ಓಡಿಸು ಎಂದರೆ ಒನ್-ಡಿಸೈನ್.

ಇವೆರಡರಲ್ಲಿ ಯಾವುದು ಮೇಲು ಎಂಬ ಜಗಳದಲ್ಲಿ ಪಕ್ಷ ಹಿಡಿದವರು ಅವನ್ನು ಬದ್ಧವೈರಿಗಳಂತೆ ಚಿತ್ರಿಸುತ್ತಾರೆ. ಚರಿತ್ರೆ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ಒಂದೇ ಅಚ್ಚಿನ ದೋಣಿ ಆಕಾಶದಿಂದ ಬೀಳುವುದಿಲ್ಲ. ಯಾವುದೋ ಡೆವಲಪ್‌ಮೆಂಟ್ ಕ್ಲಾಸಿನ ಓಟವನ್ನು ಯಾವುದೋ ಒಂದು ದಿನ ಯಾರೋ ನಿಲ್ಲಿಸಿದಾಗ ಅದು ಹುಟ್ಟುತ್ತದೆ. ಯಾರು ನಿಲ್ಲಿಸಿದರು, ಯಾವ ದಿನ ನಿಲ್ಲಿಸಿದರು, ಅದರ ಬೆಲೆ ತೆತ್ತವರು ಯಾರು ಎಂಬುದರಲ್ಲಿ ಇಡೀ ಕಥೆ ಇದೆ.

ಕ್ಯಾಟಮರಾನ್ ರೇಸಿನ ಆರಂಭವೇ ಒಂದು ತಕರಾರಿನಿಂದ. 1876ರಲ್ಲಿ ನ್ಯೂಯಾರ್ಕ್ ಬಳಿ ಅಮೆರಿಕದ ಶತಮಾನೋತ್ಸವದ ರೆಗಟಾ ನಡೆಯಿತು. ಅದಕ್ಕೆ ನಥಾನಿಯಲ್ ಹೆರೆಷಾಫ್ ಎಂಬ ತರುಣ ವಿನ್ಯಾಸಕಾರ ಅಮರಿಲಿಸ್ ಎಂಬ ಎರಡೊಡಲಿನ ದೋಣಿ ತಂದ. ಅದು ಸಾಂಪ್ರದಾಯಿಕ ದೋಣಿಗಳನ್ನೆಲ್ಲ ಹಿಂದಿಕ್ಕಿತು. ಸೋತವರು ಪ್ರತಿಭಟಿಸಿದರು, ಅಮರಿಲಿಸ್ ಅನರ್ಹವಾಯಿತು, ಮಾಮೂಲು ರೇಸುಗಳಿಂದ ಕ್ಯಾಟಮರಾನ್‌ಗಳು ಹೊರಬಿದ್ದವು. ಅಮೆರಿಕ ಮತ್ತು ಯೂರೋಪಿನ ರೇಸುಗಳಿಗೆ ಅವು ಮತ್ತೆ ಗಂಭೀರವಾಗಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಮೊದಲು ಹವಾಯಿಯಲ್ಲಿ, ಆಮೇಲೆ ಇಂಗ್ಲೆಂಡಿನ ಕ್ಯಾನ್ವಿ ದ್ವೀಪದ ಪ್ರೌಟ್ ಸಹೋದರರ ಕೈಯಲ್ಲಿ.

1960ರ ದಶಕದಲ್ಲಿ ಹಾಯಿದೋಣಿ ಓಟದ ಅಂತರರಾಷ್ಟ್ರೀಯ ಸಂಸ್ಥೆ ಈ ದೋಣಿಗಳನ್ನು ಎ, ಬಿ, ಸಿ, ಡಿ ಎಂದು ಹಾಯಿಯ ವಿಸ್ತೀರ್ಣದ ಮೇಲೆ ವಿಂಗಡಿಸಿತು. ಎ ಚಿಕ್ಕದು, 150 ಚದರಡಿ ಹಾಯಿ. ಬಿ 235, ಸಿ 300, ಡಿ 500. ಡಿ ಹೆಚ್ಚು ದಿನ ಬಾಳಲಿಲ್ಲ. ಬಾಳಿದ ಮೂರೂ ಒಂದೊಂದು ದಾರಿ ಹಿಡಿದವು.

ಬಿ ವರ್ಗದ್ದೇ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ. ಒಲಿಂಪಿಕ್ಸಿಗೆ ಹೊಂದುವ ಕ್ಯಾಟಮರಾನ್ ಹುಡುಕಲು 1967ರಲ್ಲಿ ಇಂಗ್ಲೆಂಡಿನ ಶೆಪಿ ದ್ವೀಪದಲ್ಲಿ ಪರೀಕ್ಷಾ ಓಟಗಳು ನಡೆದವು. ಎಸೆಕ್ಸಿನ ಬ್ರೈಟ್‌ಲಿಂಗ್‌ಸೀ ಊರಿನಿಂದ ರಾಡ್ನಿ ಮಾರ್ಚ್ ವಿನ್ಯಾಸಗೊಳಿಸಿದ, ರೆಜ್ ವೈಟ್ ಮತ್ತು ಗೆಳೆಯರು ಪ್ಲೈವುಡ್ ಬಗ್ಗಿಸಿ ಕಟ್ಟಿದ ದೋಣಿಯೊಂದು ಬಂತು. ಹೆಸರು ಟಾರ್ನೆಡೊ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ. ಬಿ ವರ್ಗ ಕೊಟ್ಟ ಚೌಕಟ್ಟನ್ನು ಅಂಚಿನವರೆಗೂ ತುಂಬಿದ ದೋಣಿ. ಅದು ಉಳಿದವನ್ನು ಎಷ್ಟು ನಿಚ್ಚಳವಾಗಿ ಸೋಲಿಸಿತೆಂದರೆ ಚರ್ಚೆಗೆ ಜಾಗ ಉಳಿಯಲಿಲ್ಲ. ಆವತ್ತಿಗೆ ಬಿ ವರ್ಗದ ಓಟ ನಿಂತಿತು, ಟಾರ್ನೆಡೊ ಒನ್-ಡಿಸೈನ್ ಆಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಚಿನ್ನ ಗೆದ್ದದ್ದು ಅದೇ ರೆಜ್ ವೈಟ್, ಜೊತೆಗೆ ಜಾನ್ ಆಸ್ಬಾರ್ನ್. ತಾನು ಕಟ್ಟಿ ಬೆಳೆಸಿದ ದೋಣಿಯಲ್ಲೇ ಒಲಿಂಪಿಕ್ ಚಿನ್ನ ಗೆಲ್ಲುವ ಭಾಗ್ಯ ಇಂದಿನ ಯಾವ ನಾವಿಕನಿಗೂ ಬಾರದು.

ಆದರೆ ನಿಂತ ಓಟ ನಿಜವಾಗಿ ನಿಂತಿತ್ತೇ? ಟಾರ್ನೆಡೊ ಒಂದೇ ಅಚ್ಚಿನದಾದರೂ ಅದನ್ನು ಹಲವರು ಕಟ್ಟಬಹುದಿತ್ತು. ಪ್ಲೈವುಡ್ ಹೋಗಿ ಗಾಜಿನ ನಾರು ಬಂತು. ಆಮೇಲೆ ಸ್ವೀಡನ್ನಿನ ಯೊರಾನ್ ಮಾರ್ಸ್ಟ್ರಮ್ ಅವರ ಕಾರ್ಖಾನೆ ಅದೇ ಆಕಾರವನ್ನು ಎಷ್ಟು ಗಟ್ಟಿಯಾಗಿ, ಎಷ್ಟು ಕರಾರುವಾಕ್ಕಾಗಿ ಮಾಡತೊಡಗಿತೆಂದರೆ ಒಲಿಂಪಿಕ್ಸಿನ ಕನಸಿದ್ದವರೆಲ್ಲ ಅಲ್ಲಿಗೇ ಹೋಗಬೇಕಾಯಿತು. ಆಕಾರ ಬದಲಾಗದಿದ್ದರೇನು, ಬಿಗಿತ ಬದಲಾಯಿತು. 2000ದ ಸಿಡ್ನಿ ಒಲಿಂಪಿಕ್ಸ್ ಮುಗಿದಮೇಲೆ ಹಾಯಿ ದೊಡ್ಡದಾಯಿತು, ಸ್ಪಿನೇಕರ್ ಎಂಬ ಮುಂದಿನ ಉಬ್ಬುಹಾಯಿ ಸೇರಿತು, ಸವಾರರಿಬ್ಬರೂ ತಂತಿಗೆ ಜೋತು ಹೊರಗೆ ನಿಲ್ಲುವಂತಾಯಿತು. 2008ರಲ್ಲಿ ಚೀನಾದ ಚಿಂಗ್‌ಡಾವಿನಲ್ಲಿ ಒಲಿಂಪಿಕ್ ಓಟ. ಅಲ್ಲಿ ಗಾಳಿ ಮಂದ ಎಂದು ಪ್ರತೀತಿ. ಅಮೆರಿಕದ ಜೋಡಿ ಸೇರಿ ಒಂದೆರಡು ತಂಡ ಸ್ಪಿನೇಕರನ್ನೇ ಚಪ್ಪಟೆಯಾಗಿ ಹೊಲಿಸಿ, ಗಾಳಿಗೆ ಎದುರಾಗಿ ಹೋಗುವಾಗಲೂ ಬಳಸುವ ಹೂಟ ಹೂಡಿದವು. ಅಳತೆಯ ನಿಯಮ ಅದಕ್ಕೆ ಅಡ್ಡಿಯಾಗಲಿಲ್ಲ, ಅಡ್ಡಿಯಾದದ್ದು ಗಾಳಿ. ಅದು ಎಣಿಸಿದ್ದಕ್ಕಿಂತ ಜೋರಾಗಿ ಬೀಸಿ ಹೂಟವನ್ನು ಮಣ್ಣುಪಾಲು ಮಾಡಿತು. ಚಿನ್ನ ಸ್ಪೇನಿಗೆ ಹೋಯಿತು. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಜೋಡಿಯಲ್ಲಿ ಒಬ್ಬರು ಮುಂದೆ ಟಾಕಪುನಾದಲ್ಲಿ ಗೆದ್ದ ಆ್ಯಷ್ಬಿ. ಅದೇ ಟಾರ್ನೆಡೊಗೆ ಕೊನೆಯ ಒಲಿಂಪಿಕ್ಸ್.

ಅಚ್ಚಿನ ದೋಣಿಯ ಇನ್ನೊಂದು ಮುಖ ಹೋಬಿ ಕ್ಯಾಟ್. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ 1968ರಲ್ಲಿ ಹೋಬಿ 14, ಅದರ ಬೆನ್ನಿಗೇ ಹೋಬಿ 16 ತಂದರು. ರೇಸಿನ ವಿದ್ವಾಂಸರನ್ನು ಮೆಚ್ಚಿಸುವ ಹಂಗು ಅವರಿಗಿರಲಿಲ್ಲ. ಮರಳಿನಿಂದ ನೇರ ಅಲೆಗೆ ತಳ್ಳಬೇಕು, ಅದಕ್ಕೇ ಕೆಳಗೆ ಹಲಗೆಯೇ ಇಲ್ಲ. ಬದಿಗೆ ಜಾರದಿರಲೆಂದು ಒಡಲನ್ನೇ ಒಂದು ಪಕ್ಕ ಉಬ್ಬಾಗಿ, ಇನ್ನೊಂದು ಪಕ್ಕ ಚಪ್ಪಟೆಯಾಗಿ ಎರಕ ಹೊಯ್ದರು. ಮೂತಿ ತೆಳ್ಳಗಿರುವುದರಿಂದ ಜೋರು ಗಾಳಿಯಲ್ಲಿ ಅದು ನೀರಿಗೆ ಹುದುಗಿ ದೋಣಿ ಮುಮ್ಮುಖವಾಗಿ ಲಾಗ ಹೊಡೆಯುತ್ತದೆ. ಇಷ್ಟೆಲ್ಲ ದೋಷವಿದ್ದೂ ಲಕ್ಷಕ್ಕೂ ಹೆಚ್ಚು ಹೋಬಿ 16 ಕಡಲಿಗಿಳಿದಿವೆ. ವಿಶ್ವ ಚಾಂಪಿಯನ್‌ಷಿಪ್ಪಿಗೆ ಯಾರೂ ಸ್ವಂತ ದೋಣಿ ಹೊತ್ತು ಹೋಗುವುದಿಲ್ಲ. ಸಂಘಟಕರೇ ಹೊಸ ದೋಣಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಓಟದಿಂದ ಓಟಕ್ಕೆ ದೋಣಿ ಕೈ ಬದಲಿಸುತ್ತದೆ. ಸಮಾನತೆಯ ವ್ರತವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಕಡಿಮೆ.

ಆದರೂ ಅಲ್ಲೊಂದು ಅಸಮಾನತೆ ಉಳಿದೇ ಇದೆ, ಅದು ದೋಣಿಯ ಮೇಲೆ ಕೂತಿರುತ್ತದೆ. ಹೋಬಿ 16ರ ಇಬ್ಬರು ಸವಾರರ ಕನಿಷ್ಠ ತೂಕ ಸುಮಾರು 129 ಕಿಲೊ. ಕಡಿಮೆ ಇದ್ದರೆ ತೂಕ ಕಟ್ಟಿಕೊಳ್ಳಬೇಕು. ಹೆಚ್ಚಿದ್ದರೆ? ಹೆಚ್ಚಿದ್ದರೆ ನಿಮ್ಮ ಹಣೆಬರಹ. ಇಬ್ಬರು ದಷ್ಟಪುಷ್ಟ ಗಂಡಸರು 170 ಕಿಲೊ ತೂಗಿದರೆ ಮಂದಗಾಳಿಯಲ್ಲಿ ಅವರ ದೋಣಿ ಆಳಕ್ಕೆ ಕುಳಿತು ತೆವಳುತ್ತದೆ. ದೋಣಿಗಳನ್ನು ಒಂದೇ ಅಚ್ಚಿನಲ್ಲಿ ಹೊಯ್ದಾಗ ಅದಕ್ಕೆ ಒಪ್ಪುವ ಮೈಕಟ್ಟನ್ನೂ ಆರಿಸಿದಂತಾಯಿತು. ಒನ್-ಡಿಸೈನ್ ಪರ ವಕಾಲತ್ತು ಮಾಡುವವರು ಈ ಮಾತನ್ನು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ. ಎರಡನೆಯದಾಗಿ, ಗಾಜಿನ ನಾರಿನ ಒಡಲು ವರ್ಷಗಳ ಅಲೆಯೇಟಿಗೆ ಬಿಗಿ ಕಳೆದುಕೊಳ್ಳುತ್ತದೆ. ಹಳೆಯ ದೋಣಿ ಕಾಗದದಲ್ಲಿ ಹೊಸದಕ್ಕೆ ಸಮ, ನೀರಿನಲ್ಲಿ ಅಲ್ಲ. ಹೊಸತು ಕೊಳ್ಳುವ ಚಟಕ್ಕೆ ಅಚ್ಚು ಮದ್ದೆಂಬುದು ಅರ್ಧ ಸತ್ಯ.

ಇನ್ನು ಸಿ-ಕ್ಲಾಸ್. ಇದು ಹುಚ್ಚರ ವರ್ಗ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಉದ್ದ 25 ಅಡಿ, ಅಗಲ 14 ಅಡಿ, ಹಾಯಿ 300 ಚದರಡಿ ಮೀರಬಾರದು. ಉಳಿದದ್ದನ್ನು ಕೇಳುವವರಿಲ್ಲ. 1961ರಲ್ಲಿ ಬ್ರಿಟನ್-ಅಮೆರಿಕ ನಡುವೆ ಶುರುವಾದ ಇದರ ಕಪ್ಪನ್ನು ಜನ ಕಿರಿಯ ಅಮೆರಿಕಾಸ್ ಕಪ್ ಎಂದೇ ಕರೆದರು. ಬಹುಮಾನದ ಹಣವಿಲ್ಲ, ಪ್ರೇಕ್ಷಕರು ಬೆರಳೆಣಿಕೆ. ಆದರೆ 1970ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ಸಿ-ಕ್ಲಾಸಿನವರು ಬಟ್ಟೆಯ ಹಾಯಿ ಕಿತ್ತೆಸೆದು ವಿಮಾನದ ರೆಕ್ಕೆಯನ್ನೇ ಲಂಬವಾಗಿ ನಿಲ್ಲಿಸಿದಂಥ ಗಡುಸು ರೆಕ್ಕೆಹಾಯಿಯನ್ನು ಪಳಗಿಸಿದರು. ಡೇವ್ ಹಬಾರ್ಡ್ ವಿನ್ಯಾಸದ ಪೇಷೆಂಟ್ ಲೇಡಿ ಹೆಸರಿನ ದೋಣಿಗಳು ಅದರಲ್ಲಿ ಪ್ರಸಿದ್ಧ. 1988ರಲ್ಲಿ ನ್ಯೂಜಿಲೆಂಡಿನವರು ದೈತ್ಯ ಒಂಟಿಯೊಡಲಿನ ಹಡಗು ಕಟ್ಟಿ ಅಮೆರಿಕಾಸ್ ಕಪ್ಪಿಗೆ ಸವಾಲೆಸೆದಾಗ ಅಮೆರಿಕದ ಡೆನ್ನಿಸ್ ಕಾನರ್ ತಂಡ ಉತ್ತರಕ್ಕೆ ಓಡಿದ್ದು ಈ ಹುಚ್ಚರ ಬಳಿಗೇ. ರೆಕ್ಕೆಹಾಯಿಯ ಕ್ಯಾಟಮರಾನ್ ಸ್ಯಾನ್ ಡಿಯಾಗೊದಲ್ಲಿ ಆ ಹಡಗನ್ನು ನಿರಾಯಾಸವಾಗಿ ಸೋಲಿಸಿತು. ಒಂಟಿಯೊಡಲಿನ ಹಡಗಿಗೆ ಕ್ಯಾಟಮರಾನ್ ಎದುರಿಡಬಹುದೇ ಎಂಬ ಜಗಳ ನ್ಯೂಯಾರ್ಕಿನ ನ್ಯಾಯಾಲಯಗಳಲ್ಲಿ 1990ರವರೆಗೂ ಎಳೆದಾಡಿತು.

ಇಷ್ಟು ಕೊಟ್ಟ ವರ್ಗಕ್ಕೆ ಸಿಕ್ಕಿದ್ದೇನು? 1996ರಲ್ಲಿ ಅಮೆರಿಕದ ಕಾಗಿಟೊ ಆಸ್ಟ್ರೇಲಿಯಾದಿಂದ ಕಪ್ ಗೆದ್ದು ತಂದಮೇಲೆ ಸವಾಲೆಸೆಯಲು ಯಾರೂ ಬರಲಿಲ್ಲ. ಅಷ್ಟು ಮುಂದೆ ಹೋದ ದೋಣಿಯನ್ನು ಅಟ್ಟಿಸಿಕೊಂಡು ಹೋಗಲು ಹಣ, ಕಾಲ ಯಾರಲ್ಲಿತ್ತು? ಕಪ್ಪಿನ ಒಡೆತನವಿದ್ದ ಕ್ಲಬ್ಬು ಕಾದು ಸಾಕಾಗಿ ಅದನ್ನು ಬೇರೊಂದು ವರ್ಗದ ದೋಣಿಗಳಿಗೆ ಕೊಟ್ಟುಬಿಟ್ಟಿತು. ಸಿ-ಕ್ಲಾಸಿನವರು ತಮಗೆಂದೇ ಇನ್ನೊಂದು ಕಪ್ ಮಾಡಿಕೊಳ್ಳಬೇಕಾಯಿತು. 2007 ಮತ್ತು 2010ರಲ್ಲಿ ಕೆನಡಾದವರು, 2013 ಮತ್ತು 2015ರಲ್ಲಿ ಫ್ರಾನ್ಸಿನ ಗ್ರೂಪಾಮಾ ತಂಡ ಅದನ್ನು ಗೆದ್ದವು. ಡೆವಲಪ್‌ಮೆಂಟ್ ಕ್ಲಾಸಿಗೆ ಸಾವು ಬರುವುದು ಸೋಲಿನಿಂದಲ್ಲ, ಒಬ್ಬನ ವಿಪರೀತ ಗೆಲುವಿನಿಂದ.

ದೊಡ್ಡವರ ಅಮೆರಿಕಾಸ್ ಕಪ್ಪಿನ 2013ರ ಆವೃತ್ತಿ ಈ ಇಡೀ ವಾದವನ್ನು ಒಂದೇ ಕಡಲಿನಲ್ಲಿ ಆಡಿ ತೋರಿಸಿತು. 72 ಅಡಿಯ ಕ್ಯಾಟಮರಾನ್‌ಗಳಿಗೆ ನಿಯಮ ರೂಪಿಸುವಾಗ ಅವು ಹಾರಕೂಡದು ಎಂದೇ ಹಲಗೆ, ಚುಕ್ಕಾಣಿಗಳಿಗೆ ಅಂಕುಶ ಹಾಕಲಾಗಿತ್ತು. ನಿಯಮದ ಕರಡು ಬರೆದವರಲ್ಲಿ ಅಮೆರಿಕದ ಮೊರೆಲ್ಲಿ-ಮೆಲ್ವಿನ್ ವಿನ್ಯಾಸ ಸಂಸ್ಥೆಯೂ ಇತ್ತು. ಆಮೇಲೆ ಅದೇ ಸಂಸ್ಥೆ ನ್ಯೂಜಿಲೆಂಡ್ ತಂಡದ ವಿನ್ಯಾಸಕ್ಕೆ ಕೈಹಾಕಿತು. 2012ರಲ್ಲಿ ಆಕ್ಲೆಂಡಿನ ಕೊಲ್ಲಿಯಲ್ಲಿ ಆ ತಂಡದ ದೋಣಿ ನೀರು ಬಿಟ್ಟು ಎದ್ದಿತು. ಬೀಗ ಮಾಡಿದವನಿಗೇ ಬೀಗದ ಸಡಿಲ ಗೊತ್ತು. ತನ್ನಷ್ಟಕ್ಕೆ ಸಮತೋಲ ಕಾಯ್ದುಕೊಳ್ಳುವ ಹಲಗೆಯ ಆಕಾರ ಅವರಿಗೆ ಸಿಕ್ಕಿತ್ತು: ದೋಣಿ ತೀರ ಮೇಲೆದ್ದರೆ ಎತ್ತುವ ಬಲ ತಾನೇ ಕುಗ್ಗುತ್ತದೆ. ಅದನ್ನು ನೋಡಿ ಉಳಿದವರೆಲ್ಲ ತಮ್ಮ ಲೆಕ್ಕ ತಿದ್ದಿಕೊಂಡರು. ಈ ದೈತ್ಯ ದೋಣಿಗಳಿಗೆ ಬೆಲೆಯೂ ತೆರಬೇಕಾಯಿತು. 2013ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅಭ್ಯಾಸದ ವೇಳೆ ಆರ್ಟೆಮಿಸ್ ತಂಡದ ದೋಣಿ ಮಗುಚಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಆಂಡ್ರೂ ಸಿಂಪ್ಸನ್ ತೀರಿಕೊಂಡರು.

ಫೈನಲ್ಲಿನಲ್ಲಿ ಅಮೆರಿಕದ ಒರಾಕಲ್ ತಂಡ ನ್ಯೂಜಿಲೆಂಡ್ ತಂಡದೆದುರು 8-1 ಹಿಂದಿದ್ದು ಕೊನೆಗೆ 9-8ರಿಂದ ಗೆದ್ದದ್ದು ಎಲ್ಲರಿಗೂ ನೆನಪಿದೆ. ಆ ತಂಡ ಓಟಕ್ಕೆ ಮೊದಲೇ ಎರಡು ಅಂಕ ದಂಡ ತೆತ್ತು ಕಣಕ್ಕಿಳಿದಿತ್ತು ಎಂಬುದೂ ಹಲವರಿಗೆ ಗೊತ್ತು. ದಂಡ ಯಾಕೆ? ಆ 72 ಅಡಿಯ ದೋಣಿಗಳಲ್ಲಿ ನಡೆದ ತಪ್ಪಿಗಲ್ಲ. ಅದಕ್ಕೂ ಮುಂಚಿನ ಸರಣಿಯ 45 ಅಡಿಯ ದೋಣಿಗಳಲ್ಲಿ ಕಳ್ಳತನದಿಂದ ಕೆಲವು ಪೌಂಡ್ ತೂಕ ತುಂಬಿದ್ದಕ್ಕೆ. ಆ 45 ಅಡಿಯವು ಒನ್-ಡಿಸೈನ್! ಉಪಾಯಕ್ಕೆ ಬಾಗಿಲಿದ್ದಲ್ಲಿ ಉಪಾಯ ಮಾಡಿದರು, ಬಾಗಿಲು ಮುಚ್ಚಿದಲ್ಲಿ ಮೋಸ ಮಾಡಿದರು. ಅಚ್ಚಿನ ದೋಣಿಗಳಲ್ಲಿ ಎಲ್ಲರೂ ಮೋಸಗಾರರೆಂದು ಹೇಳುತ್ತಿಲ್ಲ. ಆದರೆ ಡೆವಲಪ್‌ಮೆಂಟ್ ಕ್ಲಾಸಿನಲ್ಲಿ ಅಷ್ಟೇ ತೂಕವನ್ನು ಎದುರಾಳಿಯ ಕಣ್ಣೆದುರೇ ಇಡಬಹುದಿತ್ತು, ಮರುದಿನ ಅವನೂ ನಕಲು ಮಾಡುತ್ತಿದ್ದ.

ನಡುದಾರಿಯೊಂದು ಫಾರ್ಮುಲಾ 18. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಬೇರೂರಿದ ಈ ವರ್ಗ ಹಲವು ಕಂಪನಿಗಳಿಗೆ ಬಾಗಿಲು ತೆರೆಯಿತು, ಆದರೆ ಖರ್ಚಿಗೆ ಬೇಲಿ ಹಾಕಿತು: ಕನಿಷ್ಠ ತೂಕ 180 ಕಿಲೊ, ಒಡಲಿಗೆ ಕಾರ್ಬನ್ ಇಲ್ಲ, ಕಂಬ ಅಲ್ಯೂಮಿನಿಯಂ. ಹೋಬಿಯಲ್ಲಿ ಹಣೆಬರಹಕ್ಕೆ ಬಿಟ್ಟ ಸವಾರರ ತೂಕಕ್ಕೂ ಇಲ್ಲಿ ಉತ್ತರವಿದೆ. ಹಗುರ ಜೋಡಿಗೆ 19 ಚದರ ಮೀಟರಿನ ಸ್ಪಿನೇಕರ್, ಭಾರದ ಜೋಡಿಗೆ 21. ಮುಂಭಾಗದ ಜಿಬ್ ಹಾಯಿಯಲ್ಲೂ ಎರಡು ಅಳತೆ. ಬುದ್ಧಿವಂತ ಏರ್ಪಾಡು. ಆದರೂ ಹೊಸ ಮಾದರಿಯೊಂದು ಗೆಲ್ಲತೊಡಗಿದರೆ ಸಾಕು, ಎರಡು ಸೀಸನ್ನಿನೊಳಗೆ ದಡದ ಮೇಲೆ ಅದೇ ಮಾದರಿಯ ಸಾಲು. ಜನ ಕೊಳ್ಳುವುದರ ಮೂಲಕವೇ ಅದನ್ನು ಹೆಚ್ಚುಕಡಿಮೆ ಒನ್-ಡಿಸೈನ್ ಮಾಡಿಬಿಡುತ್ತಾರೆ.

ಒಲಿಂಪಿಕ್ಸ್ ಮಾತ್ರ ಅಚ್ಚನ್ನು ಬಿಡಲೊಲ್ಲದು. 2012ರ ಲಂಡನ್ನಿನಲ್ಲಿ ಕ್ಯಾಟಮರಾನ್ ಇರಲೇ ಇಲ್ಲ. 2016ರ ರಿಯೊಗೆ ಗಂಡು-ಹೆಣ್ಣು ಜೋಡಿಯ ನಾಕ್ರಾ 17 ಬಂತು, ಅದೂ ಮೊರೆಲ್ಲಿ-ಮೆಲ್ವಿನ್ ವಿನ್ಯಾಸ. ಅರ್ಜೆಂಟೀನಾದ ಸೆಸಿಲಿಯಾ ಕರಾಂಜಾ ಜೊತೆಗೂಡಿ ಚಿನ್ನ ಗೆದ್ದ ಸ್ಯಾಂಟಿಯಾಗೊ ಲಾಂಗೆ ಅವರಿಗೆ ಆಗ 54 ವರ್ಷ. ಕ್ಯಾನ್ಸರಿನಿಂದ ಶ್ವಾಸಕೋಶದ ಭಾಗ ಕಳೆದುಕೊಂಡು ವರ್ಷ ತುಂಬಿತ್ತಷ್ಟೇ. ಮುಂದಿನ ಒಲಿಂಪಿಕ್ಸ್ ಚಕ್ರಕ್ಕೆ ಆ ದೋಣಿಯನ್ನು ಪೂರ್ತಿ ಹಾರುವಂತೆ ಬದಲಿಸಬೇಕೆಂದು ಆಡಳಿತ ಸಂಸ್ಥೆ ನಿರ್ಧರಿಸಿತು. ಎ-ಕ್ಲಾಸಿನ ಶೆಡ್ಡುಗಳಲ್ಲಿ ಐದಾರು ವರ್ಷ ಉಜ್ಜಿ, ಮುರಿದು, ಮತ್ತೆ ಅಂಟಿಸಿ ಕಲಿತದ್ದು ಒಲಿಂಪಿಕ್ಸಿಗೆ ಒಂದೇ ಆದೇಶದಲ್ಲಿ ಬಂದಿಳಿಯಿತು. ಹೊಸ ಫಾಯಿಲ್ ಎಲ್ಲರಿಗೂ ಒಂದೇ ಕಾರ್ಖಾನೆಯಿಂದ ಬರಬೇಕು. ಅದು ತಡವಾದರೆ ಎಲ್ಲರೂ ಕಾಯಬೇಕು, ದೋಷವಿದ್ದರೆ ಯಾರೂ ತಿದ್ದುವಂತಿಲ್ಲ. ಇಟಲಿಯ ರುಜೆರೊ ಟೀಟಾ ಮತ್ತು ಕತೆರೀನಾ ಬಾಂತಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಗೆದ್ದಾಗ ಅದು ಅವರ ಕೈಗುಣವೆಂದು ಯಾರೂ ಅನುಮಾನಪಡಲಿಲ್ಲ. ಒನ್-ಡಿಸೈನ್ ಕೊಡುವ ದೊಡ್ಡ ಲಾಭ ಅದೇ, ಅದನ್ನು ಕಡೆಗಣಿಸಲಾಗದು.

ಎ-ಕ್ಲಾಸಿಗೆ ಏನಾಯಿತು? ಹಾರುವವರು ಹಾರಿದರು. ಹಾರಲಾರದ ಹಳೆಯ ದೋಣಿಗಳವರು, ಹಾರುವ ಮನಸ್ಸಿಲ್ಲದ ಹಿರಿಯರು ಹಿಂದುಳಿದರು. ಎಷ್ಟೋ ದೇಶಗಳಲ್ಲಿ ಈ ವರ್ಗದ ಬೆನ್ನೆಲುಬೇ ಅವರು. ಕೊನೆಗೆ ವರ್ಗವನ್ನು ಓಪನ್, ಕ್ಲಾಸಿಕ್ ಎಂದು ಎರಡು ಮಾಡಿದರು. ಕ್ಲಾಸಿಕ್ ವಿಭಾಗದಲ್ಲಿ ಹಾರಾಟಕ್ಕೆ ಮುಂಚಿನ ಬಾಗುಹಲಗೆ, ಅದಕ್ಕೊಂದು ಪ್ರತ್ಯೇಕ ಬಹುಮಾನ. ಅಂದರೆ ಡೆವಲಪ್‌ಮೆಂಟ್ ಕ್ಲಾಸು ತನ್ನೊಳಗೇ ಒಂದು ದಿನಾಂಕದಲ್ಲಿ ಗಡಿಯಾರ ನಿಲ್ಲಿಸಿತು. ಇದನ್ನು ಸೋಲೆಂದು ಗೇಲಿ ಮಾಡಿದವರಿದ್ದಾರೆ. ನನಗಂತೂ ಇದು ಆ ಬಳಗ ತೆಗೆದುಕೊಂಡ ಅತ್ಯಂತ ಮನುಷ್ಯತ್ವದ ತೀರ್ಮಾನವಾಗಿ ಕಾಣುತ್ತದೆ. ಪ್ರಗತಿಯ ಬಿಲ್ಲನ್ನು ಹಳೆಯ ದೋಣಿಯವರ ಹೆಸರಿಗೇ ಬರೆಯುವ ಪದ್ಧತಿ ಅಲ್ಲಿ ನಿಂತಿತು.

ಈಗ ದುಡ್ಡಿರುವವರು ಮೂರನೆಯ ದಾರಿ ಕಂಡುಕೊಂಡಿದ್ದಾರೆ. ಒರಾಕಲಿನ ಲ್ಯಾರಿ ಎಲಿಸನ್ ಮತ್ತು ರಸೆಲ್ ಕೂಟ್ಸ್ ಕಟ್ಟಿದ ಸೇಲ್ ಜಿಪಿ ಲೀಗ್ 2019ರಲ್ಲಿ ಸಿಡ್ನಿಯಲ್ಲಿ ಆರಂಭವಾಯಿತು. ಅದರ ಎಫ್50 ಕ್ಯಾಟಮರಾನ್‌ಗಳ ಮೂಲ 2017ರ ಅಮೆರಿಕಾಸ್ ಕಪ್ಪಿನ ದೋಣಿ. ಎಲ್ಲವೂ ಒಂದೇ ಅಚ್ಚು, ಆದರೆ ಅಚ್ಚು ನಿಂತಿಲ್ಲ. ಲೀಗಿನ ಎಂಜಿನಿಯರುಗಳು ಹೊಸ ಫಾಯಿಲ್, ಹೊಸ ರೆಕ್ಕೆಹಾಯಿ ರೂಪಿಸಿ ಎಲ್ಲ ತಂಡಗಳಿಗೂ ಒಟ್ಟಿಗೇ ಹಂಚುತ್ತಾರೆ. ಒಂದು ತಂಡದ ದೋಣಿಯ ಸೆನ್ಸರುಗಳ ಅಂಕಿಅಂಶ ಉಳಿದೆಲ್ಲರಿಗೂ ತೆರೆದಿರುತ್ತದೆ, ಗುಟ್ಟೆಂಬುದಿಲ್ಲ. ದೋಣಿಗಳು ಗಂಟೆಗೆ 100 ಕಿ.ಮೀ. ದಾಟಿವೆ. ಟಿವಿಯಲ್ಲಿ ನೋಡಲು ಸೊಗಸು, ನಾನೂ ತಪ್ಪದೆ ನೋಡುತ್ತೇನೆ.

ರೆಜ್ ವೈಟ್ ಇಲ್ಲಿದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದರು ಎಂದು ಮಾತ್ರ ಆಗಾಗ ಯೋಚಿಸುತ್ತೇನೆ. ಓಡಿಸುವ ಕೆಲಸಕ್ಕೆ ಸಂಬಳ ಸಿಗುತ್ತಿತ್ತು, ಅನುಮಾನವಿಲ್ಲ. ದೋಣಿಗೆ ಉಳಿ ಮುಟ್ಟಿಸಬೇಕೆನಿಸಿದರೆ ಅರ್ಜಿ ಹಾಕಿಕೊಂಡು, ಎಂಜಿನಿಯರುಗಳು ಒಪ್ಪುವವರೆಗೆ ಕಾಯಬೇಕಿತ್ತು. ಒಪ್ಪಿದ ದಿನ ಅದೇ ತಿದ್ದುಪಡಿ ಅವರ ಎದುರಾಳಿಗಳ ದೋಣಿಗೂ ಹೋಗಿ ಕೂರುತ್ತಿತ್ತು. ಅದು ಬೇಡವೆಂದರೆ ಎ-ಕ್ಲಾಸಿನ ಓಪನ್ ವಿಭಾಗ ಇದ್ದೇ ಇದೆ. ಅಲ್ಲಿ ಇಂದಿಗೂ ಅಳತೆಗಾರ ಬಂದು ಕೇಳುವುದು ಉದ್ದ, ಅಗಲ, ಹಾಯಿ, ತೂಕ, ಆಮೇಲೆ ಹಲಗೆ ಮೇಲಿನಿಂದ ಇಳಿಯುತ್ತದೆಯೇ ಎಂದಷ್ಟೇ. ಯಾರು ಮಾಡಿದ್ದು ಎಂದು ಕೇಳುವುದಿಲ್ಲ.